ಮುಖ್ಯ ಅತಿಥಿ ತಡವಾದರೆ ಎದೆ ಕಟ್ಟುತ್ತದೆ

ಚಿಕ್ಕಬಳ್ಳಾಪುರ ಜಿಲ್ಲಾಡಳಿತಕ್ಕೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ, ನಂದಿ ಹಾಗೂ ಸ್ಕಂದಗಿರಿ ತಪ್ಪಲಿನಲ್ಲಿ ಆಫ್‌ರೋಡ್ ಟ್ರಯಥ್ಲಾನ್ ನಡೆಸಲು ಅನುಮತಿ ಕೇಳಿ ಬರುವ ಸಂಘಟಕರಿಗೆ

ಮಾನ್ಯರೇ,

ಹೆರಿಗೆಯಾದ ಮೇಲೆ ಮತ್ತೆ ರೇಸಿಗೆ ಇಳಿದ ಹೆಣ್ಣುಮಗಳಿಗೆ ನಮ್ಮ ಕಡೆ ಸಿಗುವುದು ವೇದಿಕೆ ಮೇಲೊಂದು ಶಾಲು, ಹಣ್ಣಿನ ಬುಟ್ಟಿ, ಮೈಕಿನಲ್ಲಿ ‘ಸೂಪರ್ ಮಾಮ್’ ಅನ್ನುವ ಕೂಗು. ಅದು ಇರಲಿ ಬಿಡಲಿ. ಅವಳಿಗೆ ಬೇಕಾದದ್ದು ಕೆರೆ ನೀರಿನ ಪರೀಕ್ಷಾ ವರದಿ, ನಿಯಮಪುಸ್ತಕದಲ್ಲಿ ಎರಡು ಸಾಲು, ಪರದೆ ಕಟ್ಟಿದ ಒಂದು ಡೇರೆ, ಹೇಳಿದ ಹೊತ್ತಿಗೆ ಶುರುವಾಗುವ ರೇಸ್. ಇವುಗಳಲ್ಲಿ ಯಾವುದೂ ದುಬಾರಿಯಲ್ಲ. ಆದರೆ ಸಂಘಟಕರ ಒಳ್ಳೆಯತನಕ್ಕೆ ಬಿಟ್ಟರೆ ಆಗುವುದೂ ಇಲ್ಲ. ಅನುಮತಿ ಪತ್ರದ ಷರತ್ತುಗಳಲ್ಲೇ ಇವು ಬರಬೇಕು, ಆಂಬುಲೆನ್ಸ್ ಕಡ್ಡಾಯ ಎಂದು ಬರೆಯುವ ಹಾಗೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ಟ್ರಯಥ್ಲಾನಿನಲ್ಲಿ ಈಜು, ಡಾಂಬರು ರಸ್ತೆಯ ಸೈಕಲ್ಲು, ರಸ್ತೆಯ ಓಟ, ಮೂರೂ ಒಂದರ ಹಿಂದೊಂದು. ಆಫ್‌ರೋಡಿನಲ್ಲಿ ಕೆರೆ ಈಜು, ಮಣ್ಣುದಾರಿಯಲ್ಲಿ ಮೌಂಟನ್ ಬೈಕ್, ಆಮೇಲೆ ಬೆಟ್ಟದ ಕಾಲುದಾರಿ ಓಟ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾದ ಎಕ್ಸ್‌ಟೆರಾ ಎಂಬ ರೇಸ್ ಸರಣಿ ಇದನ್ನು ಜಗತ್ತಿಗೆ ಹಬ್ಬಿಸಿತು. ಪೂರ್ಣ ಅಳತೆ ಎಂದರೆ ಸುಮಾರು 1.5 ಕಿ.ಮೀ. ಈಜು, 30 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಮ್ಮ ತಪ್ಪಲಿಗೆ 1 ಕಿ.ಮೀ., 22 ಕಿ.ಮೀ., 7 ಕಿ.ಮೀ. ಹೊಂದುತ್ತದೆ. ಹವ್ಯಾಸಿಗೆ ಮೂರೂವರೆ ಗಂಟೆ ಹಿಡಿಯುವ ಕೆಲಸ.

‘ತಾಯಂದಿರಿಗೆ ಇದೆಲ್ಲ ಯಾಕೆ’ ಎಂದು ಕೇಳುವವರಿಗೆ ನಾಲ್ಕು ಹೆಸರು ಸಾಕು. ಮೇರಿ ಕೋಮ್ 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತು 2008ರಲ್ಲಿ ವಿಶ್ವ ಚಾಂಪಿಯನ್ ಆದರು. ದೀಪಿಕಾ ಪಳ್ಳಿಕಲ್ 2021ರ ಅಕ್ಟೋಬರಿನಲ್ಲಿ ಅವಳಿ ಹೆತ್ತು, ಮುಂದಿನ ಏಪ್ರಿಲಿನಲ್ಲೇ ಸ್ಕ್ವಾಷ್ ವಿಶ್ವ ಡಬಲ್ಸ್ ಗೆದ್ದರು. ಸ್ವಿಟ್ಜರ್ಲೆಂಡಿನ ನಿಕೋಲಾ ಸ್ಪಿರಿಗ್ 2012ರ ಒಲಿಂಪಿಕ್ ಟ್ರಯಥ್ಲಾನಿನಲ್ಲಿ ಚಿನ್ನ ಪಡೆದು, 2013ರಲ್ಲಿ ತಾಯಿಯಾಗಿ, 2016ರಲ್ಲಿ ಬೆಳ್ಳಿ ಪಡೆದರು. ಚೆಲ್ಸಿ ಸೊಡಾರೊ ಒಂದೂವರೆ ವರ್ಷದ ಮಗಳಿದ್ದಾಗ, 2022ರಲ್ಲಿ, ಹವಾಯಿಯ ಕೋನಾದಲ್ಲಿ ಅತಿ ದೂರದ ಟ್ರಯಥ್ಲಾನ್ ಆದ ಐರನ್‌ಮ್ಯಾನ್ ವಿಶ್ವ ಕಿರೀಟ ಗೆದ್ದರು. ಇವರೆಲ್ಲರ ಬೆನ್ನಿಗೆ ತರಬೇತುದಾರರು, ಫಿಸಿಯೋಗಳು ಇದ್ದರು. ಶಿಡ್ಲಘಟ್ಟದಿಂದಲೋ ಗೌರಿಬಿದನೂರಿನಿಂದಲೋ ಬರುವ ಹೆಣ್ಣುಮಗಳಿಗೆ ಆ ಭಾಗ್ಯವಿಲ್ಲ. ಅದಕ್ಕೇ ರೇಸಿನ ವ್ಯವಸ್ಥೆಯೇ ಅವಳ ಮೈಯನ್ನು ಅರಿತಿರಬೇಕು.

ನೀರಿನಿಂದ ಶುರು ಮಾಡೋಣ. ಜಕ್ಕಲಮಡುಗು ಕುಡಿಯುವ ನೀರಿನ ಜಲಾಶಯ, ಅದರ ತಂಟೆಗೆ ಹೋಗುವಂತಿಲ್ಲ. ಉಳಿದ ಕೆರೆಗಳಲ್ಲಿ ಹಲವಕ್ಕೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು, ಅಂತರ್ಜಲ ಏರಿಸಲು ತಂದದ್ದು. ಬೋರ್‌ವೆಲ್ಲಿಗೆ ಜೀವ ಬಂದಿದೆ, ಸಂತೋಷ. ಆದರೆ ಕಣ್ಣಿಗೆ ತುಂಬಿ ಕಾಣುವ ಕೆರೆಯೆಲ್ಲ ಬಾಯಿಗೆ ನೀರು ಹೋಗುವ ಈಜಿಗೆ ಯೋಗ್ಯವಲ್ಲ. ಸಿಸೇರಿಯನ್ ಗಾಯವೋ ಹೊಲಿಗೆಯೋ ಇನ್ನೂ ಹೊಸದಾಗಿರುವ, ಮೊಲೆತೊಟ್ಟು ಬಿರಿದಿರುವ ಹೆಂಗಸಿಗೆ ಅಲ್ಲಿ ಸೋಂಕು ತಗಲುವ ದಾರಿ ಬೇರೆಯವರಿಗಿಂತ ಹೆಚ್ಚು. ವಾಂತಿ–ಭೇದಿ ಹಿಡಿದರೆ ಅವಳ ಮೈಯ ನೀರಿನ ಜೊತೆ ಮಗುವಿನ ಹಾಲೂ ಕಡಿಮೆಯಾಗುತ್ತದೆ.

ಆದ್ದರಿಂದ ಷರತ್ತು ಹೀಗಿರಲಿ. ಇಳಿಯುವ ಜಾಗ, ದೂರದ ತೇಲುಬುಂಡೆ, ಹತ್ತುವ ಜಾಗ, ಈ ಮೂರು ಕಡೆ ಮೇಲ್ಮೈಯಿಂದ ಒಂದಡಿ ಕೆಳಗಿನ ನೀರನ್ನು ಕ್ರಿಮಿರಹಿತ ಬಾಟಲಿಯಲ್ಲಿ ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಆರು ಗಂಟೆಯೊಳಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ರೇಸಿಗೆ ಏಳು ದಿನ ಮೊದಲು ಒಮ್ಮೆ, 72 ಗಂಟೆ ಮೊದಲು ಇನ್ನೊಮ್ಮೆ. ಬ್ಯಾಕ್ಟೀರಿಯಾ ಬೆಳೆಸಿ ಎಣಿಸಲು ಒಂದು ದಿನವಾದರೂ ಬೇಕು, ಹಾಗಾಗಿ ಹಿಂದಿನ ಸಂಜೆ ಬಾಟಲಿ ಕಳಿಸಿದರೆ ವರದಿ ಬರುವಷ್ಟರಲ್ಲಿ ಪದಕ ಹಂಚಿ ಮುಗಿದಿರುತ್ತದೆ. ಹೊರಾಂಗಣ ಸ್ನಾನಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟ ಅಳತೆ ಇದೆ: 100 ಮಿ.ಲೀ.ನಲ್ಲಿ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ಮೀರಬಾರದು, ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 3 ಮಿ.ಗ್ರಾಂ. ಒಳಗಿರಬೇಕು, ಕರಗಿದ ಆಮ್ಲಜನಕ 5 ಮಿ.ಗ್ರಾಂ. ಆದರೂ ಇರಬೇಕು, ಪಿಎಚ್ 6.5ರಿಂದ 8.5. ಇದರ ಜೊತೆ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾದ ಎಣಿಕೆಯನ್ನೂ ಬೇರೆಯಾಗಿ ಕೇಳಿ. ವರದಿಯನ್ನು ನೋಂದಾಯಿಸಿದ ಎಲ್ಲರಿಗೂ ವಾಟ್ಸಾಪಿನಲ್ಲಿ ಹಾಕಿ, ಸಾರಾಂಶವಲ್ಲ, ಹಾಳೆಯ ಫೋಟೊ. ಜೋರು ಮಳೆ ಬಂದರೆ ಹಳೆಯ ವರದಿ ರದ್ದಾದಂತೆ, ಹೊಲದ ಗೊಬ್ಬರ, ಔಷಧಿ, ಚರಂಡಿ ಎಲ್ಲ ಕೆರೆಗೇ ಇಳಿದಿರುತ್ತದೆ.

ನೀರು ಕೆಟ್ಟಿದ್ದರೆ ಈಜು ಬಿಡಿ. ಮರ್ಯಾದೆ ಹೋಗುವುದೇನಿಲ್ಲ. ಪ್ಯಾರಿಸ್ ಒಲಿಂಪಿಕ್ಸಿನಲ್ಲೇ 2024ರ ಜುಲೈ 30ರ ಪುರುಷರ ಟ್ರಯಥ್ಲಾನನ್ನು ಸೇನ್ ನದಿ ಸರಿಯಿಲ್ಲವೆಂದು ಮರುದಿನಕ್ಕೆ ತಳ್ಳಿದರು. ಈಜಿನ ಬದಲು ಓಟ, ಸೈಕಲ್, ಓಟ ಮಾಡುವುದು ರೂಢಿ. ಇಲ್ಲಿ ಒಂದು ಸೂಕ್ಷ್ಮವಿದೆ. ಈಜು ಬಾಣಂತಿ ಮೈಗೆ ಅತಿ ಹಗುರ, ಓಟ ಅತಿ ಭಾರ. ಹಗುರವಾದದ್ದನ್ನು ತೆಗೆದು ಭಾರವಾದದ್ದನ್ನು ಎರಡು ಸಲ ಮಾಡಿಸುತ್ತೀರಿ. ಆದ್ದರಿಂದ ಮೊದಲ ಓಟ 2 ಕಿ.ಮೀ. ಮೀರದಿರಲಿ, ಸಮತಟ್ಟಾದ ಮಣ್ಣುದಾರಿಯಲ್ಲಿರಲಿ, ನಿರ್ಧಾರವನ್ನು 48 ಗಂಟೆ ಮೊದಲೇ ತಿಳಿಸಿ, ಬೇಡವೆಂದವರಿಗೆ ಹಣ ವಾಪಸ್ ಕೊಡಿ.

ಬದಲಿ ಜಾಗ ಎಂದು ಕಲ್ಲುಕ್ವಾರಿ ಹೊಂಡ ತೋರಿಸುವವರಿಗೆ ಅನುಮತಿ ಕೊಡಲೇಬೇಡಿ, ಅಂಚು ಕಡಿದಾಗಿರುತ್ತದೆ, ಆಳ ಗೊತ್ತಾಗುವುದಿಲ್ಲ. ಅಭ್ಯಾಸಕ್ಕೆ ಕೃಷಿ ಹೊಂಡಕ್ಕೆ ಇಳಿಯುವವರಿಗೂ ಅದೇ ಎಚ್ಚರಿಕೆ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರು ಪಾಚಿ ಕಟ್ಟಿದರೆ ಒಳ್ಳೆಯ ಈಜುಗಾರರಿಗೂ ಹತ್ತಿ ಬರಲಾಗುವುದಿಲ್ಲ. ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ, ಒಂದು ಲಾರಿ ಟ್ಯೂಬು, ದಡದಲ್ಲಿ ಒಬ್ಬರು, ಈ ಮೂರಿಲ್ಲದೆ ಯಾರೂ ಇಳಿಯಬಾರದು.

ಈಗ ಗಡಿಯಾರದ ಮಾತು. ಜನವರಿಯಲ್ಲಿ ಇಲ್ಲಿ ಬೆಳಕು ಹರಿದು ನೀರು ಕಾಣುವ ಹೊತ್ತಿಗೆ, ಏಳು ಗಂಟೆಗೆ, ಈಜು ಶುರು ಎಂದಿಟ್ಟುಕೊಳ್ಳಿ. ಹಾಲುಣಿಸುವ ತಾಯಿ 6.15ಕ್ಕೆ ಮಗುವಿಗೆ ಕುಡಿಸಿ ಬರುತ್ತಾಳೆ. ಈಜು ಅರ್ಧ ಗಂಟೆ, ಸೈಕಲ್ಲು ಒಂದು ಮುಕ್ಕಾಲು ಗಂಟೆ, ಅಂದರೆ ಸೈಕಲ್ ಇಳಿದು ಓಟಕ್ಕೆ ಹೊರಡುವ ಎರಡನೇ ಟ್ರಾನ್ಸಿಷನ್‌ಗೆ ಒಂಬತ್ತೂಕಾಲರ ಸುಮಾರಿಗೆ ಬರುತ್ತಾಳೆ. ಕುಡಿಸಿ ಮೂರು ಗಂಟೆ ಆಗಿರುತ್ತದೆ, ಎದೆ ತುಂಬಿದೆ, ಆದರೂ ತಾಳಬಹುದು. ಇನ್ನು, ದೀಪ ಬೆಳಗುವ ಮುಖ್ಯ ಅತಿಥಿ ಒಂದೂಕಾಲು ಗಂಟೆ ತಡ ಎಂದುಕೊಳ್ಳಿ. ಟ್ರಾನ್ಸಿಷನ್ ಜಾಗ 6.30ಕ್ಕೇ ಮುಚ್ಚಿರುತ್ತದೆ, ಮಗುವಿನ ಹತ್ತಿರ ಹೋಗುವಂತಿಲ್ಲ. ಗೆರೆ ದಾಟುವ ಹೊತ್ತಿಗೆ ಐದೂವರೆ ಗಂಟೆ ಕಳೆದಿರುತ್ತದೆ. ಎದೆ ಕಲ್ಲಾಗುತ್ತದೆ, ಬಿಗಿ ಸ್ಪೋರ್ಟ್ಸ್ ಬ್ರಾ ಒತ್ತಿದ ಕಡೆ ಹಾಲಿನ ನಾಳ ಕಟ್ಟಿಕೊಳ್ಳುತ್ತದೆ, ಮರುದಿನ ಚಳಿಜ್ವರ, ಎದೆಯ ಮೇಲೆ ಕೆಂಪು ಪಟ್ಟೆ. ಮಾಸ್ಟೈಟಿಸ್ ಅಂದರೆ ಇದೇ, ಕೆಲವರಿಗೆ ಆಂಟಿಬಯೋಟಿಕ್ ಬೇಕಾಗುತ್ತದೆ. ಉಳಿದ ಓಟಗಾರರಿಗೆ ಭಾಷಣ ಬೇಸರ ಅಷ್ಟೇ, ಇವಳಿಗೆ ಜ್ವರ. ಭಾಷಣ, ದೀಪ, ನಾಡಗೀತೆ ಎಲ್ಲ ಬಹುಮಾನ ವಿತರಣೆಗೆ ಇಟ್ಟುಕೊಳ್ಳಿ. ಹದಿನೈದು ನಿಮಿಷಕ್ಕಿಂತ ತಡವಾದರೆ ಹಾಲುಣಿಸುವವರಿಗೆ ಹೊರಗೆ ಹೋಗಿ ಬರಲು ಬಿಡಬೇಕು ಎಂಬ ಸಾಲು ನಿಯಮದಲ್ಲಿರಲಿ.

ಇನ್ನೊಂದು ಸಾಲು ಇದಕ್ಕಿಂತ ಮುಖ್ಯ. ಟ್ರಯಥ್ಲಾನಿನಲ್ಲಿ ಸಂಘಟಕರ ಹೊರತು ಬೇರೆಯವರಿಂದ ನೆರವು ಪಡೆಯುವಂತಿಲ್ಲ. ಗಂಡ ನೀರಿನ ಬಾಟಲಿ ಕೊಟ್ಟರೂ ದಂಡ. ಹಾಗಿರುವಾಗ ಅಜ್ಜಿ ಬಂದು ಮಗುವನ್ನು ಮಡಿಲಿಗೆ ಕೊಟ್ಟರೆ, ಅಥವಾ ಹಾಲು ಹಿಂಡುವ ಪಂಪ್ ಕೈಗಿತ್ತರೆ, ಕಟ್ಟುನಿಟ್ಟಿನ ರೆಫರಿ ಅನರ್ಹಗೊಳಿಸಬಹುದು. ‘ನಿಗದಿತ ಡೇರೆಯೊಳಗೆ ಹಾಲುಣಿಸುವುದು, ಹಾಲು ಹಿಂಡುವುದು, ಅದಕ್ಕಾಗಿ ಒಬ್ಬ ಆರೈಕೆದಾರರ ಸಹಾಯ ಪಡೆಯುವುದು ಹೊರಗಿನ ನೆರವಲ್ಲ’ ಎಂದು ಅಚ್ಚು ಹಾಕಿಸಿ, ರೇಸ್ ಬ್ರೀಫಿಂಗಿನಲ್ಲಿ ಓದಿ ಹೇಳಿ. ಗಡಿಯಾರ ನಿಲ್ಲಿಸಬೇಕಾಗಿಲ್ಲ. ಅದನ್ನು ಕೇಳುವವರಿದ್ದಾರೆ, ನಮಗೆ ಒಪ್ಪಿಗೆಯಿಲ್ಲ, ರೇಸ್ ಅಂದರೆ ರೇಸ್. ಆದರೆ ಕಟ್‌ಆಫ್ ಸಮಯಕ್ಕೆ (ಅದರೊಳಗೆ ಮುಗಿಸದವರನ್ನು ರೇಸಿನಿಂದ ತೆಗೆಯುವ ಗಡುವು) ಅವಳಿಗೆ 30 ನಿಮಿಷ ಸೇರಿಸಿ, ಕೈ ಪಂಪಿನಿಂದ ಎರಡೂ ಕಡೆ ಹಗುರ ಮಾಡಿಕೊಳ್ಳಲು 12ರಿಂದ 20 ನಿಮಿಷ ಬೇಕು.

ಡೇರೆಗೆ ಏನೇನು ಬೇಕು? ಎರಡನೇ ಟ್ರಾನ್ಸಿಷನ್‌ಗೆ 20 ಮೀಟರ್ ಒಳಗೆ, ಮೂರು ಕಡೆ ದಪ್ಪ ಬಟ್ಟೆ, ಮುಂದೆ ಒಳಗಿನಿಂದ ಕಟ್ಟುವ ಪರದೆ. ಬೆನ್ನಿರುವ ಎರಡು ಕುರ್ಚಿ. ಕೈತೊಳೆಯಲು ನಲ್ಲಿಯಿರುವ ಡ್ರಮ್ಮು, ಸೋಪು, ಏಕೆಂದರೆ ಬೈಕ್ ಇಳಿದ ಕೈಯಲ್ಲಿ ಸಗಣಿ, ಕೆಮ್ಮಣ್ಣು, ಚೈನಿನ ಗ್ರೀಸು ಮೂರೂ ಇರುತ್ತವೆ. ಹೆಸರು–ಸಮಯದ ಚೀಟಿ ಅಂಟಿಸಿದ ಹಾಲಿನ ಬಾಟಲಿಗೆ ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆ. ಹಿಂಡಿದ ಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಕೆಡದು, ಐಸ್ ಪ್ಯಾಕಿನೊಳಗೆ ಒಂದು ದಿನ ಇರುತ್ತದೆ. ಹತ್ತು ಗಂಟೆಯ ಮೇಲೆ ಶಾಮಿಯಾನದೊಳಗಿನ ಸೆಕೆಗೆ ಮೇಜಿನ ಮೇಲಿಟ್ಟದ್ದನ್ನು ನಂಬಬೇಡಿ. ಆರೈಕೆದಾರರಿಗೆ ಕೊರಳಿಗೆ ಹಾಕುವ ಒಂದು ಗುರುತುಪಟ್ಟಿ, ಹತ್ತಿರದಲ್ಲಿ ಗಾಡಿ ನಿಲ್ಲಿಸಲು ಜಾಗ. ಡಿಜೆ ಪೆಟ್ಟಿಗೆ ಅತ್ತ ತಿರುಗಿರಲಿ. ಬಾಗಿಲಲ್ಲಿ ಹೆಣ್ಣು ಸ್ವಯಂಸೇವಕಿ ಇರಲಿ, ಉಡುಪಿನ ನಿಯಮದಲ್ಲಿ ಮುಂದೆ ಜಿಪ್ ಇರುವ ಅಥವಾ ಎರಡು ತುಂಡಿನ ಸೂಟಿಗೆ ಅಡ್ಡಿಯಿಲ್ಲ ಎಂದು ಬರೆಯಿರಿ. ಬೆನ್ನಿಗೆ ಜಿಪ್ ಇರುವ ಸೂಟು ಹಾಕಿಕೊಂಡು ಹಾಲುಣಿಸಲು ಯಾರಿಗೂ ಸಾಧ್ಯವಿಲ್ಲ.

ನೋಂದಣಿ ಹಣದ ವಿಷಯದಲ್ಲಿ ಸಂಘಟಕರು ಲೆಕ್ಕ ತಪ್ಪುತ್ತಾರೆ. ‘ಗರ್ಭಿಣಿಯಾದರೆ ಮುಂದಿನ ವರ್ಷಕ್ಕೆ ವರ್ಗಾಯಿಸುತ್ತೇವೆ’ ಎಂಬುದು ಉದಾರವಾಗಿ ಕೇಳಿಸುತ್ತದೆ. ಜನವರಿ ರೇಸಿಗೆ ಹೆಸರು ಕೊಟ್ಟವಳಿಗೆ ಡಿಸೆಂಬರಿನಲ್ಲಿ ಗೊತ್ತಾದರೆ ಹೆರಿಗೆ ಆಗಸ್ಟಿನ ಹೊತ್ತಿಗೆ. ಮುಂದಿನ ಜನವರಿಗೆ ಮಗುವಿಗೆ ಐದೇ ತಿಂಗಳು, ಬೆಟ್ಟದಿಂದ ಇಳಿದು ಓಡುವ ಮೈಯಲ್ಲ ಅದು. ಆದ್ದರಿಂದ ಕನಿಷ್ಠ ಎರಡು ಆವೃತ್ತಿ, ಸಾಧ್ಯವಾದರೆ ಮೂರು, ಹೆಚ್ಚುವರಿ ಶುಲ್ಕವಿಲ್ಲದೆ. ಪುರಾವೆಗೆ ತಾಯಿ ಕಾರ್ಡ್ ಸಾಕು. ಗರ್ಭ ನಿಲ್ಲದೆ ಹೋದವರಿಗೂ ಇದೇ ಅನ್ವಯವಾಗಲಿ, ಅವರಿಂದ ಕಾಗದ ಕೇಳಬೇಡಿ. 2018ರಲ್ಲಿ ಆಲ್ಪ್ಸ್ ಪರ್ವತದ ಯುಟಿಎಂಬಿ ಎಂಬ ಬಲು ದೂರದ ಬೆಟ್ಟದ ಓಟದ ನಡುವೆ ಬ್ರಿಟನ್ನಿನ ಓಟಗಾರ್ತಿ ಸೋಫಿ ಪವರ್ ಮೂರು ತಿಂಗಳ ಮಗುವಿಗೆ ಹಾಲೂಡಿಸುವ ಫೋಟೊ ಜಗತ್ತೆಲ್ಲ ಹರಿದಾಡಿತು. ಎಷ್ಟೋ ಜನ ಅದನ್ನು ಸಾಹಸವೆಂದು ಹಂಚಿಕೊಂಡರು. ಗರ್ಭಿಣಿಯರಿಗೆ ಸ್ಥಾನ ಮುಂದೂಡುವ ನಿಯಮ ಆಗ ಅಲ್ಲಿರಲಿಲ್ಲ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ನಿಯಮ ಆಮೇಲೆ ಬಂತು.

ಇನ್ನು ಮೈ. ಫಿಟ್‌ನೆಸ್ ಸರ್ಟಿಫಿಕೇಟ್ ಎಂದು ನೀವು ಕೇಳುವ ಕಾಗದದಲ್ಲಿ ಬಿ.ಪಿ., ನಾಡಿ, ಒಂದು ಮೊಹರು ಇರುತ್ತವೆ. ಹೆರಿಗೆಯಾಗಿ ಒಂದು ವರ್ಷದೊಳಗಿನವಳಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಕೆಮ್ಮಿದರೆ, ಹಾರಿದರೆ ಮೂತ್ರ ಸೋರುತ್ತದೆಯೇ? ಕೆಳಗೆ ಏನೋ ಜಾರಿದ ಹಾಗೆ ಭಾರವಾಗುತ್ತದೆಯೇ? ಮಲಗಿದ್ದವಳು ಏಳುವಾಗ ಹೊಟ್ಟೆಯ ನಡುವೆ ಉಬ್ಬು ಏಳುತ್ತದೆಯೇ? ವ್ಯಾಯಾಮದ ಮರುದಿನ ಮತ್ತೆ ರಕ್ತ ಕಾಣುತ್ತದೆಯೇ? ಇವನ್ನು ಅವಳಿಗೇ ಕನ್ನಡದಲ್ಲಿ ಅಚ್ಚು ಮಾಡಿ ಕೊಡಿ, ಉತ್ತರ ಅವಳ ಕೈಯಲ್ಲೇ ಇರಲಿ. ಅವಳನ್ನು ಹೊರಗಿಡಲು ಈ ಹಾಳೆ ಬಳಸಿದರೆ ಎಲ್ಲರೂ ಸುಳ್ಳು ಬರೆಯುತ್ತಾರೆ.

ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಹೊರತಂದ ಮಾರ್ಗಸೂಚಿ, 12 ವಾರಕ್ಕೆ ಮುಂಚೆ ಓಟ ಬೇಡ ಅನ್ನುತ್ತದೆ. ನಮ್ಮ ಅಜ್ಜಿಯರ ಮೂರು ತಿಂಗಳ ಬಾಣಂತನಕ್ಕೂ ಇದಕ್ಕೂ ಲೆಕ್ಕ ಸರಿಹೋಗಿದೆ! ಲೆಕ್ಕ ಮಾತ್ರ. ಮಂಚ ಬಿಟ್ಟು ಇಳಿಯದಿರುವುದು, ನೀರು ಅಳೆದು ಕೊಡುವುದು, ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ. ಬಿಗಿದ ಪಟ್ಟಿ ಹೊಟ್ಟೆಯ ಒತ್ತಡವನ್ನೆಲ್ಲ ಕೆಳಕ್ಕೆ, ಸಡಿಲಾದ ಶ್ರೋಣಿ (ಕಿಬ್ಬೊಟ್ಟೆಯ ತಳದ) ಸ್ನಾಯುಗಳ ಮೇಲೆ ತಳ್ಳುತ್ತದೆ. ಮೊದಲ ವಾರಗಳಿಂದಲೇ ನಡಿಗೆ, ಮೂತ್ರ ತಡೆದಂತೆ ಆ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ದಿನಕ್ಕೆ ಮೂರು ಸಲ, ಸಲಕ್ಕೆ ಎಂಟರಿಂದ ಹತ್ತು. 12 ವಾರ ಕಳೆದ ಮೇಲೆ ಪರೀಕ್ಷೆ: ಅರ್ಧ ಗಂಟೆ ನಡಿಗೆ, ಒಂದೇ ಕಾಲಲ್ಲಿ ಹತ್ತು ಸೆಕೆಂಡ್, ಒಂಟಿಕಾಲಲ್ಲಿ ಹತ್ತು ಬಸ್ಕಿ, ನಿಂತಲ್ಲೇ ಒಂದು ನಿಮಿಷ ಜಾಗಿಂಗ್, ಪ್ರತಿ ಕಾಲಲ್ಲಿ ಹತ್ತು ಕುಂಟು ಜಿಗಿತ. ಸೋರದೆ, ನೋಯದೆ, ಭಾರವಾಗದೆ ಇವು ಮುಗಿದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರು. ಸಿಸೇರಿಯನ್ ಆದವರು ಇನ್ನೂ ನಿಧಾನಿಸಬೇಕು. ಚರ್ಮ ಕೂಡಿದರೂ ಒಳಗಿನ ಪದರಕ್ಕೆ ಆರು ವಾರದಲ್ಲಿ ಬಂದಿರುವುದು ಮೂಲ ಬಲದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಆಫ್‌ರೋಡಿಗೆ ವಾಪಸಾಗುವ ಕ್ರಮ ಹೀಗೆ: ಮೊದಲು ನೀರು, ರಕ್ತಸ್ರಾವ ಪೂರ್ತಿ ನಿಂತು ಗಾಯ ಮಾಗಿದ ಮೇಲೆ. ಆಮೇಲೆ ಸಮತಟ್ಟು ಸೈಕಲ್ಲು. ಮೂರನೆಯದು ಏರು, ಕೊನೆಯದು ಇಳಿಜಾರು. ಏರುವುದು ಉಸಿರಿಗೆ ಕಷ್ಟ, ಮೈಗೆ ಹಗುರ. ಇಳಿಯುವುದು ಉಸಿರಿಗೆ ಸುಲಭ, ಶ್ರೋಣಿಗೆ ಶತ್ರು. ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ ನಂದಿ ಮೇಲಿಂದ ಬಸ್ಸಿನಲ್ಲಿ ಇಳಿದು ಬಂದರೆ ಅದು ಸೋಮಾರಿತನವಲ್ಲ, ಒಳ್ಳೆಯ ತರಬೇತಿ. ಪೂರ್ಣ ರೇಸಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ಎಂಬುದು ನಮ್ಮ ಅಂದಾಜು. ಅದಕ್ಕೂ ಮೊದಲು ರಿಲೇ ತಂಡದಲ್ಲಿ ಈಜು ಅಥವಾ ಸೈಕಲ್ಲು ಮಾತ್ರ ಮಾಡಬಹುದು. ಹಾಗಾಗಿ ರಿಲೇ ವಿಭಾಗ ಇರಲೇಬೇಕು. ‘ತಾಯಂದಿರ ವಿಭಾಗ’ ಬೇಡ.

ಬೈಕಿನ ಕೆಲವು ಸಂಗತಿ. ಹೊಲಿಗೆ ಬಿದ್ದವರಿಗೆ ಸೀಟಿನ ಮೂತಿ ಎರಡು ಡಿಗ್ರಿ ಕೆಳಗಿರಲಿ, ಹ್ಯಾಂಡಲ್ ಒಂದೆರಡು ಸೆಂ.ಮೀ. ಮೇಲೆ ಬರಲಿ. ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ಎತ್ತಿ ಹೆಬ್ಬೆರಳಿನ ಬುಡದ ಸ್ನಾಯುರಜ್ಜು ಊದಿಕೊಳ್ಳುವುದು ಹಾಲುಣಿಸುವವರಲ್ಲಿ ಸಾಮಾನ್ಯ. ಕಲ್ಲುದಾರಿಯ ಇಳಿತದಲ್ಲಿ ಅದು ಬ್ರೇಕ್ ಹಿಡಿಯಲು ಬಿಡುವುದಿಲ್ಲ. ಲಿವರನ್ನು ಹ್ಯಾಂಡಲಿಗೆ ಹತ್ತಿರ ತಂದು ಒಂದೇ ಬೆರಳಲ್ಲಿ ಹಿಡಿಯುವಂತೆ ಮಾಡಿ, ಮುಂದಿನ ಬ್ರೇಕ್ ತಟ್ಟೆ (ರೋಟರ್) 180 ಮಿ.ಮೀ. ಹಾಕಿಸಿ. ಬಳ್ಳಾರಿ ಜಾಲಿ ಮುಳ್ಳಿಗೆ ಮಾಮೂಲಿ ಟ್ಯೂಬು ನಿಲ್ಲುವುದಿಲ್ಲ. ಟ್ಯೂಬ್‌ಲೆಸ್ ಟೈರಿಗೆ ತೂತು ಮುಚ್ಚುವ ದ್ರವ, ಸೀಲೆಂಟ್, ತಲಾ 100 ಮಿ.ಲೀ. ಹಾಕಿ, ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುವುದರಿಂದ ರೇಸಿನ ವಾರ ಮತ್ತೆ ನೋಡಿ. 60 ಕಿಲೋ ತೂಕದವರು 2.25 ಅಂಗುಲದ ಟೈರಿನಲ್ಲಿ ಮುಂದೆ 20, ಹಿಂದೆ 22 ಪಿಎಸ್‌ಐ ಗಾಳಿ ಇಟ್ಟರೆ ಕಲ್ಲಿನ ಕುಲುಕು ಅರ್ಧ ಅಲ್ಲೇ ಇಂಗುತ್ತದೆ.

ಮಾರ್ಗ ಹಾಕುವವರಿಗೆ ಒಂದು ಕೋರಿಕೆ. ಬಂಡೆ ಹತ್ತಿಸುವ ಜಾಗದಲ್ಲಿ 13 ಕಿಲೋ ಬೈಕನ್ನು ಹೆಗಲಿಗೆ ಹೊರುವುದು, ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿರುವವಳಿಗೆ ಇಡೀ ರೇಸಿನ ಅತಿ ಅಪಾಯದ ಅರ್ಧ ನಿಮಿಷ. ಅಂಥ ಕಡೆಯೆಲ್ಲ ಬಂಡಿದಾರಿಯಲ್ಲಿ ಸುತ್ತಿಕೊಂಡು ಹೋಗುವ ಎರಡನೇ ಗೆರೆ ಕೊಡಿ. 300 ಮೀಟರ್ ಹೆಚ್ಚಾಗಲಿ, ಸಮಯದ ನಷ್ಟ ಅವಳದೇ. ಓಟದ ಇಳಿಜಾರು ಕೊನೆಯ ಎರಡು ಕಿಲೋಮೀಟರಿಗೆ ಬಾರದಂತೆ ಮಾರ್ಗ ತಿರುಗಿಸಿ, ದಣಿದ ಸ್ನಾಯು ಒತ್ತಡ ಹೊರುವುದಿಲ್ಲ. ಹೆಂಗಸರದೇ ಶೌಚಾಲಯ ಆರಂಭದಲ್ಲಿ, ಟ್ರಾನ್ಸಿಷನ್ನಿನಲ್ಲಿ, ಓಟದ ಅರ್ಧದಾರಿಯಲ್ಲಿ ಬೇಕು, ಒಳಗೆ ಪ್ಯಾಡು, ಮುಚ್ಚಳದ ಬುಟ್ಟಿ. ಲಂಟಾನ ಪೊದೆ ಶೌಚಾಲಯವಲ್ಲ.

ಊಟದ ಬಗ್ಗೆ ಚುಟುಕಾಗಿ. ಹಾಲುಣಿಸುವ ಮೊದಲ ಆರು ತಿಂಗಳಿಗೆ ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚು ಬೇಕೆಂದು ಐಸಿಎಂಆರ್ ಹೇಳುತ್ತದೆ, ತರಬೇತಿಯದು ಅದರ ಮೇಲೆ. ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರ 180 ದಿನ. ಅರ್ಧಕ್ಕೇ ಬಿಡುವವರು ಬಹಳ, ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಟ್ಟುಕೊಂಡು ಏರು ಹತ್ತಲಾಗುವುದಿಲ್ಲ. ಮಾರ್ಗದಲ್ಲಿ ಪ್ರತಿ 2.5 ಕಿ.ಮೀ.ಗೆ ನೀರು, ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಇರಲಿ. ಕೊನೆಯಲ್ಲಿ ತಂಪು ಪಾನೀಯದ ಬದಲು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕೊಡಿ.

ವೈದ್ಯಕೀಯ ಡೇರೆಯವರಿಗೆ ಮೊದಲೇ ಹೇಳಿಡಿ: ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಒಂದೇ ಮೀನಖಂಡದ ಊತ–ನೋವು, ಎದೆನೋವು, ಈ ಮೂರರಲ್ಲಿ ಯಾವುದು ಕಂಡರೂ ರೇಸ್ ಅಲ್ಲಿಗೆ ನಿಲ್ಲಬೇಕು, ಗಾಡಿ ಜಿಲ್ಲಾ ಆಸ್ಪತ್ರೆಗೆ ಹೊರಡಬೇಕು. ಹಾಗೆ ಹೊರಟಾಗ ಮಗು ಮತ್ತು ಆರೈಕೆದಾರರು ಅದೇ ಗಾಡಿಯಲ್ಲಿ ಹೋಗಬೇಕು. ಆರೈಕೆದಾರರ ಫೋನ್ ನಂಬರನ್ನು ಓಟಗಾರ್ತಿಯ ಬಿಬ್ (ರೇಸ್ ನಂಬರಿನ ಚೀಟಿ) ಹಿಂದೆ ಬರೆಸಿಕೊಂಡಿರಿ, ಶಾಯಿ ನೀರಿಗೆ ಅಳಿಸದ ಪೆನ್ನಿನಲ್ಲಿ.

ಇಂತಿ,
ಚಿಕ್ಕಬಳ್ಳಾಪುರದ ಕೆಲವು ತರಬೇತುದಾರರು ಮತ್ತು ಫಿಸಿಯೋಥೆರಪಿಸ್ಟರು